ಬೆಕ್ಕಿನ ಮನೆಗೆ ಬಂದ ನಾಯಿ

ಬೀದಿಯಿಂದ ರಕ್ಷಿಸಲ್ಪಟ್ಟು, ಆಶ್ರಯ ಕೇಂದ್ರದಲ್ಲಿ ಕೆಲಕಾಲ ಇದ್ದು, ಕೊನೆಗೆ ದತ್ತು ಹೋಗುವ ನಾಯಿಗೆ ಹೊಸ ಮನೆಯೆಂದರೆ ಗುರುತು ಪರಿಚಯವಿಲ್ಲದ ಜಾಗ. ಆದರೆ ಅದೇ ಮನೆಯಲ್ಲಿ ವರ್ಷಗಳಿಂದ ಇರುವ ಬೆಕ್ಕಿಗೆ ಅದು ಮೂಲೆಮೂಲೆಗೂ ತನ್ನ ವಾಸನೆ ಹತ್ತಿಸಿಕೊಂಡ ಸ್ವಂತ ಸೀಮೆ. ಇವೆರಡನ್ನು ಒಂದೇ ಸೂರಿನಡಿ ತರುವಾಗ ಬೆಕ್ಕಿನ ಸೀಮೆ ಕುಗ್ಗದಂತೆ ನಾಯಿಗೆ ಜಾಗ ಮಾಡಿಕೊಡಬೇಕಾಗುತ್ತದೆ, ಮತ್ತು ಆ ಕೆಲಸ ಎಷ್ಟು ವೇಗವಾಗಿ ಸಾಗಬೇಕೆಂಬುದನ್ನು ಬೆಕ್ಕಿಗೇ ಬಿಟ್ಟುಕೊಡಬೇಕಾಗುತ್ತದೆ. ಈ ಒಂದು ಮಾತನ್ನು ಒಪ್ಪಿಕೊಂಡ ಮನೆಗಳಲ್ಲಿ ಹೊಂದಾಣಿಕೆ ನಿಧಾನವಾಗಿಯಾದರೂ ಬಹುಮಟ್ಟಿಗೆ ಸಾಧ್ಯವಾಗುತ್ತದೆ. ಒಪ್ಪದ ಮನೆಗಳಲ್ಲಿ ಮೊದಲ ದಿನದ ಐದು ನಿಮಿಷದ ಅವಸರವನ್ನು ಸರಿಪಡಿಸಲು ತಿಂಗಳುಗಳು ಬೇಕಾಗುತ್ತವೆ.

ಕರ್ನಾಟಕದ ನಗರಗಳಲ್ಲಿ ಇದು ಇಂದು ಅನೇಕ ಕುಟುಂಬಗಳು ಎದುರಿಸುತ್ತಿರುವ ಪ್ರಶ್ನೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2023ರಲ್ಲಿ ನಡೆಸಿದ ಸಮೀಕ್ಷೆ ನಗರದ ಬೀದಿನಾಯಿಗಳ ಸಂಖ್ಯೆಯನ್ನು ಸುಮಾರು 2.79 ಲಕ್ಷ ಎಂದು ಅಂದಾಜಿಸಿತ್ತು. ಅವುಗಳಲ್ಲಿ ಕೆಲವು, 1991ರಲ್ಲಿ ಆರಂಭವಾದ ಕ್ಯೂಪಾದಂಥ ಪ್ರಾಣಿರಕ್ಷಣಾ ಸಂಸ್ಥೆಗಳ ಮೂಲಕವೋ, ಬೀದಿಯಲ್ಲಿ ನಿತ್ಯ ಊಟ ಹಾಕುವವರ ಮೂಲಕವೋ ಮನೆಗಳನ್ನು ಸೇರುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವುದರ ಗುರುತಾಗಿ ಕಿವಿಯಲ್ಲಿ ಸಣ್ಣ ಕಚ್ಚು ಇರುವ ಇಂಥ ನಾಟಿ ನಾಯಿಗೆ ಬೆಕ್ಕಿನ ವಿಷಯದಲ್ಲಿ ಒಂದು ಪೂರ್ವಚರಿತ್ರೆಯೂ ಇರುತ್ತದೆ. ಮೀನು ಮಾರುಕಟ್ಟೆಯ ಆಸುಪಾಸಿನಲ್ಲಿ ಬೆಳೆದದ್ದು ಬೆಕ್ಕುಗಳ ಪಕ್ಕದಲ್ಲೇ ಕಸದ ರಾಶಿ ಕೆದಕಿ ತಿಂದಿರಬಹುದು. ಬಡಾವಣೆಯ ನಾಯಿಗಳ ಹಿಂಡಿನಲ್ಲಿ ಬೆಳೆದದ್ದು ಬೆಕ್ಕನ್ನು ಕಂಡೊಡನೆ ಗುಂಪಾಗಿ ಅಟ್ಟಿಸಿಕೊಂಡು ಹೋಗುವುದನ್ನು ಚಿಕ್ಕಂದಿನಲ್ಲೇ ಕಲಿತಿರಬಹುದು. ನಾಯಿ ಯಾವ ಬೀದಿಯಿಂದ ಬಂತು, ಅಲ್ಲಿ ಬೆಕ್ಕುಗಳಿದ್ದವೇ, ಅವುಗಳನ್ನು ಕಂಡಾಗ ಅದು ಏನು ಮಾಡುತ್ತಿತ್ತು ಎಂಬ ಪ್ರಶ್ನೆಗಳನ್ನು ದತ್ತು ಪತ್ರಕ್ಕೆ ಸಹಿ ಹಾಕುವ ಮೊದಲೇ ಕೇಳಬೇಕು, ಏಕೆಂದರೆ ಬೀದಿಯಲ್ಲಿ ಅದಕ್ಕೆ ಊಟ ಹಾಕುತ್ತಿದ್ದವರಿಗೆ ಇದರ ಉತ್ತರ ಬಹುತೇಕ ಗೊತ್ತಿರುತ್ತದೆ.

ನಾಯಿ ಮತ್ತು ಬೆಕ್ಕು ಹುಟ್ಟಾ ವೈರಿಗಳೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಪೂರ್ತಿ ಸರಿಯಲ್ಲ. ಅವು ಮನುಷ್ಯನ ಬಳಿಗೆ ಬೇರೆ ಬೇರೆ ದಾರಿಯಿಂದ ಬಂದ ಪ್ರಾಣಿಗಳೆನ್ನುವುದು ಹೆಚ್ಚು ಸರಿ. ಜರ್ಮನಿಯ ಬಾನ್-ಒಬರ್‌ಕಾಸೆಲ್‌ನಲ್ಲಿ ಮನುಷ್ಯರೊಂದಿಗೆ ಹೂಳಲಾದ ನಾಯಿಯ ಅವಶೇಷ ಸುಮಾರು 14,000 ವರ್ಷ ಹಳೆಯದು. ಬೆಕ್ಕು ಬಂದದ್ದು ಅದಕ್ಕಿಂತ ಬಹಳ ತಡವಾಗಿ, ಪಶ್ಚಿಮ ಏಷ್ಯಾದಲ್ಲಿ ಕೃಷಿ ಆರಂಭವಾಗಿ ಕಣಜಗಳಿಗೆ ಇಲಿ ಬರತೊಡಗಿದ ಮೇಲೆ. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕೊಂದನ್ನು ಹೂತಿದ್ದ ಸುಮಾರು 9,500 ವರ್ಷ ಹಿಂದಿನ ಸಮಾಧಿಯನ್ನು ಫ್ರೆಂಚ್ ಪುರಾತತ್ತ್ವಜ್ಞರು 2004ರಲ್ಲಿ ಜಗತ್ತಿಗೆ ತಿಳಿಸಿದರು. ನಾಯಿ ಗುಂಪಿನಲ್ಲಿ ಬಾಳುವ ಪೂರ್ವಜರಿಂದ ಬಂದದ್ದಾದ್ದರಿಂದ ಹೊಸಬರನ್ನು ಹತ್ತಿರ ಹೋಗಿ ಮೂಸಿ ತಿಳಿಯುತ್ತದೆ. ಬೆಕ್ಕಿನ ಪೂರ್ವಜವಾದ ಆಫ್ರಿಕಾದ ಕಾಡುಬೆಕ್ಕು ಒಂಟಿಯಾಗಿ ಬೇಟೆಯಾಡುವ ಪ್ರಾಣಿ, ಅಲ್ಲದೆ ತನಗಿಂತ ದೊಡ್ಡ ಮೃಗಗಳಿಗೆ ತಾನೇ ಆಹಾರವಾಗಬಲ್ಲ ಪ್ರಾಣಿ. ಗಾಯವಾದರೆ ಅದಕ್ಕೆ ಬೇಟೆ ತಂದುಕೊಡುವವರು ಯಾರೂ ಇರಲಿಲ್ಲ. ಆದ್ದರಿಂದಲೇ ಬೆಕ್ಕು ಕಾದಾಡುವುದಕ್ಕಿಂತ ದೂರ ಸರಿಯುವುದನ್ನು, ಮೇಲೆ ಹತ್ತುವುದನ್ನು, ಅಡಗಿ ಕುಳಿತು ಗಮನಿಸುವುದನ್ನು ಆಯ್ಕೆ ಮಾಡಿಕೊಳ್ಳುತ್ತದೆ, ಮತ್ತು ಆ ದಾರಿಗಳೆಲ್ಲ ಮುಚ್ಚಿಹೋದಾಗ ಮಾತ್ರ ಉಗುರು ಚಾಚುತ್ತದೆ.

ನಾಯಿಯ ಕಡೆಯಿಂದ ಬರುವ ಅಪಾಯ ಬಹುಪಾಲು ದ್ವೇಷದ್ದಲ್ಲ, ಬೇಟೆಯ ಪ್ರವೃತ್ತಿಯದು. ಪ್ರಾಣಿವರ್ತನೆಯನ್ನು ಅಧ್ಯಯನ ಮಾಡುವವರು ‘ಬೇಟೆಯ ಸರಣಿ’ ಎನ್ನುವ ಕ್ರಮವೊಂದನ್ನು ಗುರುತಿಸುತ್ತಾರೆ: ಗಮನ ಹರಿಸುವುದು, ಕಣ್ಣು ನೆಡುವುದು, ಹೊಂಚುವುದು, ಬೆನ್ನಟ್ಟುವುದು, ಹಿಡಿಯುವುದು, ಕೊಲ್ಲುವುದು. ತೋಳದಲ್ಲಿ ಪೂರ್ತಿಯಾಗಿರುವ ಈ ಸರಣಿಯ ಕೆಲವು ಹಂತಗಳು ನಾಯಿಯ ತಳಿಗಳಲ್ಲಿ ಬೆಳೆದಿವೆ, ಕೆಲವು ಅಳಿದಿವೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಬಯಲಿನಲ್ಲಿ ಮೊಲವನ್ನು ಕಣ್ಣಿನಿಂದಲೇ ಗುರುತಿಸಿ ಬೆನ್ನಟ್ಟಿ ಹಿಡಿಯಲೆಂದು ತಲೆಮಾರುಗಳಿಂದ ಬೆಳೆಸಲಾದ ತಳಿಯಾದ್ದರಿಂದ, ಮನುಷ್ಯರೊಡನೆ ಅದು ಎಷ್ಟೇ ಸೌಮ್ಯವಾಗಿದ್ದರೂ, ಓಡುವ ಸಣ್ಣ ಪ್ರಾಣಿಯನ್ನು ಕಂಡಾಗ ಅದರ ದೇಹ ವಿವೇಚನೆಗಿಂತ ಮೊದಲೇ ಹೊರಟಿರುತ್ತದೆ. ಸಾಕಿದವರು ಕೈಬಿಟ್ಟ ಮುಧೋಳ ನಾಯಿಯನ್ನು ಬೆಕ್ಕಿರುವ ಮನೆಗೆ ತರಬಯಸುವವರು ಇದನ್ನು ಗಂಭೀರವಾಗಿ ಯೋಚಿಸಬೇಕು. ಮಿಶ್ರ ಮೂಲದ ನಾಟಿ ನಾಯಿಗಳಲ್ಲಿ ಈ ಪ್ರವೃತ್ತಿ ಒಂದೊಂದರಲ್ಲಿ ಒಂದೊಂದು ಪ್ರಮಾಣದಲ್ಲಿರುತ್ತದೆ, ಹಾಗಾಗಿ ತಳಿಯ ಹೆಸರಿಗಿಂತ ಆಯಾ ನಾಯಿಯನ್ನೇ ನೋಡಿ ತಿಳಿಯುವುದು ಅಲ್ಲಿ ಉಪಯುಕ್ತ.

ವಯಸ್ಸಿನ ಪಾತ್ರವೂ ಇಲ್ಲಿ ದೊಡ್ಡದು. ಮರಿಗಳು ಯಾವ ಜೀವಿಗಳನ್ನು ತಮ್ಮ ಲೋಕದ ಸಹಜ ಭಾಗವೆಂದು ಒಪ್ಪಿಕೊಳ್ಳುತ್ತವೆ ಎಂಬುದು ತೀರ್ಮಾನವಾಗುವ ಅವಧಿಯನ್ನು ಸಾಮಾಜೀಕರಣದ ಅವಧಿ ಎನ್ನುತ್ತಾರೆ. ನಾಯಿಮರಿಗಳಲ್ಲಿ ಅದು ಸರಿಸುಮಾರು 3ರಿಂದ 12 ವಾರ, ಬೆಕ್ಕಿನ ಮರಿಗಳಲ್ಲಿ ಇನ್ನೂ ಬೇಗ, 2ರಿಂದ 7 ವಾರ. ಒಂದೇ ಮನೆಯಲ್ಲಿರುವ ನಾಯಿ ಮತ್ತು ಬೆಕ್ಕುಗಳ ಬಗ್ಗೆ ಟೆಲ್ ಅವೀವ್ ವಿಶ್ವವಿದ್ಯಾಲಯದ ಫ್ಯೂಯರ್‌ಸ್ಟೈನ್ ಮತ್ತು ಟರ್ಕೆಲ್ 2008ರಲ್ಲಿ ಪ್ರಕಟಿಸಿದ ಅಧ್ಯಯನ, ಚಿಕ್ಕ ವಯಸ್ಸಿನಲ್ಲೇ ಒಟ್ಟುಗೂಡಿದ ಜೋಡಿಗಳಲ್ಲೂ, ಬೆಕ್ಕು ಮೊದಲು ಬಂದು ನಾಯಿ ಆಮೇಲೆ ಸೇರಿದ ಮನೆಗಳಲ್ಲೂ ಸಂಬಂಧ ಹೆಚ್ಚು ಸೌಹಾರ್ದವಾಗಿತ್ತೆಂದು ಕಂಡುಕೊಂಡಿತು. ಬಾಲ ಬೀಸುವಂಥ ಒಂದೇ ಸಂಜ್ಞೆಗೆ ಎರಡು ಪ್ರಾಣಿಗಳಲ್ಲಿ ವಿರುದ್ಧ ಅರ್ಥಗಳಿದ್ದರೂ, ಜೊತೆಯಲ್ಲಿ ಬಾಳಿದ ಪ್ರಾಣಿಗಳು ಪರಸ್ಪರರ ಸಂಜ್ಞೆಯನ್ನು ಬಹುತೇಕ ಸರಿಯಾಗಿಯೇ ಓದುತ್ತಿದ್ದವೆಂಬುದು ಆ ಅಧ್ಯಯನದ ಅತ್ಯಂತ ಭರವಸೆಯ ಭಾಗ. ದೊಡ್ಡದಾದ ಮೇಲೆ ದತ್ತು ಬರುವ ನಾಯಿ ತನ್ನ ಎಳೆಯ ಕಾಲವನ್ನು ಎಲ್ಲೋ ಕಳೆದಿರುತ್ತದೆ ನಿಜ. ಆದರೂ ಬೆಕ್ಕು ಮೊದಲಿನಿಂದಲೇ ಅಲ್ಲಿದೆ ಎಂಬ ಕ್ರಮ ಅದರ ಪಾಲಿಗೆ ಅನುಕೂಲಕರವೇ.

ನಾಯಿ ಬರುವ ಒಂದು ವಾರ ಮೊದಲೇ ಮನೆ ಸಿದ್ಧವಾಗಬೇಕು. ಬೆಕ್ಕಿಗೆಂದು ನಾಯಿ ಎಂದೂ ಕಾಲಿಡದ ಒಂದು ಕೋಣೆ ಇರಬೇಕು, ಅದರಲ್ಲಿ ಊಟದ ಬಟ್ಟಲು, ನೀರು, ಮಲಗುವ ಜಾಗ, ಮಲಮೂತ್ರಕ್ಕೆ ಮರಳು ತುಂಬಿದ ಟ್ರೇ ಇರಬೇಕು. ಟ್ರೇಯನ್ನು ಬಚ್ಚಲಿನ ಒಳಮೂಲೆಯಂಥ ಒಂದೇ ದಾರಿಯ ಜಾಗದಲ್ಲಿಟ್ಟರೆ, ಮುಂದೊಂದು ದಿನ ನಾಯಿ ಬಾಗಿಲಲ್ಲಿ ನಿಂತಾಗ ಬೆಕ್ಕು ಸಿಕ್ಕಿಬೀಳುತ್ತದೆ. ಒಮ್ಮೆ ಹಾಗೆ ಹೆದರಿದ ಬೆಕ್ಕು ಆ ಟ್ರೇಯನ್ನೇ ತ್ಯಜಿಸಿ ಹಾಸಿಗೆಯ ಮೇಲೆ ಮೂತ್ರ ಮಾಡತೊಡಗುವುದು ಸಾಮಾನ್ಯ, ಮನೆಯವರು ಅದನ್ನು ಹಟವೆಂದು ತಪ್ಪಾಗಿ ತಿಳಿಯುವುದೂ ಅಷ್ಟೇ ಸಾಮಾನ್ಯ. ಮನೆಯ ಉಳಿದ ಭಾಗದಲ್ಲಿ ಬೆಕ್ಕಿಗೆ ನೆಲ ಮುಟ್ಟದೆ ಓಡಾಡುವ ಮೇಲ್ದಾರಿ ಇರುವುದು ಒಳ್ಳೆಯದು. ಮಲೆನಾಡಿನ ಹಳೆಯ ಮನೆಗಳಲ್ಲಿ ಅಟ್ಟ, ತೊಲೆಗಳು ಈ ಕೆಲಸವನ್ನು ತಾವಾಗಿಯೇ ಮಾಡುತ್ತವೆ. ಎರಡು ಕೋಣೆಯ ಫ್ಲಾಟಿನಲ್ಲಿ ಬೀರುವಿನ ತಲೆ, ಫ್ರಿಜ್ಜಿನ ಮೇಲ್ಭಾಗ, ಗೋಡೆಗೆ ಬಡಿದ ಎರಡು ಅಗಲವಾದ ಹಲಗೆಗಳು ಸಾಕು. ಬಾಲ್ಕನಿಗೆ ಜಾಲರಿ ಇಲ್ಲದ ಮನೆಯಲ್ಲಿ ಅದನ್ನು ಹಾಕಿಸದೆ ನಾಯಿಯನ್ನು ತರಲೇಬಾರದು, ಏಕೆಂದರೆ ಹೆದರಿದ ಬೆಕ್ಕು ಎಷ್ಟನೆಯ ಮಹಡಿಯೆಂದು ನೋಡದೆ ಜಿಗಿಯುತ್ತದೆ. ಪಟಾಕಿಯ ಸದ್ದಿನಿಂದ ಎರಡೂ ಪ್ರಾಣಿಗಳು ತತ್ತರಿಸುವ ದೀಪಾವಳಿಯ ವಾರವನ್ನು ನಾಯಿ ತರಲು ಆರಿಸಿಕೊಳ್ಳದಿರುವುದೂ ಸಿದ್ಧತೆಯ ಭಾಗವೇ.

ಆರೋಗ್ಯದ ವಿಷಯದಲ್ಲಿ ಲಸಿಕೆಗಳ ಬಗ್ಗೆ ಹೆಚ್ಚಿನವರಿಗೆ ತಿಳಿದಿದೆ: ಎರಡಕ್ಕೂ ರೇಬೀಸ್ ಚುಚ್ಚುಮದ್ದು ಮತ್ತು ಆಯಾ ಪ್ರಾಣಿಯ ಇತರ ಲಸಿಕೆಗಳು ಆಗಿರಬೇಕು, ಜಂತುಹುಳದ ಔಷಧಿ ಕೊಟ್ಟಿರಬೇಕು, ಹೊಸ ನಾಯಿಯನ್ನು ಪಶುವೈದ್ಯರು ಪರೀಕ್ಷಿಸುವವರೆಗೆ ಬೇರೆಯಾಗಿಯೇ ಇಡಬೇಕು. ಅಷ್ಟಾಗಿ ತಿಳಿದಿರದ ಅಪಾಯವೊಂದಿದೆ. ಬೀದಿಯಿಂದ ಬಂದ ನಾಯಿಯ ಮೈಮೇಲೆ ಉಣ್ಣೆ, ಚಿಗಟಗಳಿರುವುದು ಸಹಜ. ಅವುಗಳನ್ನು ಕೊಲ್ಲಲು ಹೆಗಲಿನ ಮೇಲೆ ಹನಿಸುವ ಕೆಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ರಾಸಾಯನಿಕವಿರುತ್ತದೆ. ನಾಯಿಯ ಯಕೃತ್ತು ಅದನ್ನು ಸುಲಭವಾಗಿ ಒಡೆದು ಹೊರಹಾಕುತ್ತದೆ, ಬೆಕ್ಕಿನ ಯಕೃತ್ತಿನಲ್ಲಿ ಅದಕ್ಕೆ ಬೇಕಾದ ಕಿಣ್ವದ ಕೆಲಸ ತೀರಾ ದುರ್ಬಲ. ಔಷಧಿ ಹಸಿಯಾಗಿರುವಾಗ ನಾಯಿಯ ಮೈಗೆ ಒರಗಿದರೂ, ನಾಯಿಯ ಹಾಸಿಗೆಯ ಮೇಲೆ ಮಲಗಿ ಆಮೇಲೆ ತನ್ನ ಮೈ ನೆಕ್ಕಿಕೊಂಡರೂ ಬೆಕ್ಕಿಗೆ ನಡುಕ ಹತ್ತಿ, ಸೆಳವು ಬಂದು, ಪ್ರಾಣವೇ ಹೋಗಬಹುದು. ನಾಯಿಗೆ ಸ್ನಾನ ಮಾಡಿಸಲು ಬಳಸುವ ಅಮಿಟ್ರಾಜ್ ದ್ರಾವಣವೂ ಬೆಕ್ಕಿಗೆ ಸಲ್ಲದು. ಆದ್ದರಿಂದ ನಾಯಿಗೆ ಉಣ್ಣೆಯ ಔಷಧಿ ಬರೆಸಿಕೊಳ್ಳುವಾಗ ಮನೆಯಲ್ಲಿ ಬೆಕ್ಕಿದೆ ಎಂದು ವೈದ್ಯರಿಗೆ ಮೊದಲು ಹೇಳಬೇಕು. ಎರಡಕ್ಕೂ ಸುರಕ್ಷಿತವಾದ ಔಷಧಿಗಳು ಸಿಗುತ್ತವೆ.

ನಾಯಿ ಬಂದ ಮೊದಲ ದಿನಗಳಲ್ಲಿ ಬೆಕ್ಕಿನ ಮುಖ ತೋರಿಸುವ ಅಗತ್ಯವೇ ಇಲ್ಲ. ಅಮೆರಿಕದ ಆಶ್ರಯ ಕೇಂದ್ರವೊಂದರಲ್ಲಿ ನಡೆದ, 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸದಾಗಿ ಬಂದ ನಾಯಿಗಳ ರಕ್ತದಲ್ಲಿ ಕಾರ್ಟಿಸಾಲ್, ಅಂದರೆ ಒತ್ತಡ ಉಂಟಾದಾಗ ದೇಹ ಸ್ರವಿಸುವ ಹಾರ್ಮೋನು, ಮೊದಲ ಮೂರು ದಿನ ಬಹಳ ಮೇಲ್ಮಟ್ಟದಲ್ಲಿದ್ದುದು ಕಂಡುಬಂದಿತ್ತು. ಬಯಲಿನಲ್ಲಿ ಬೆಳೆದ ನಾಯಿಗೆ ಮಿಕ್ಸಿಯ ಸದ್ದು, ಲಿಫ್ಟು, ನುಣುಪಾದ ಟೈಲ್ಸ್ ನೆಲ ಎಲ್ಲವೂ ಹೊಸತಾಗಿರುವಾಗ ಬೆಕ್ಕನ್ನೂ ಆ ಪಟ್ಟಿಗೆ ಸೇರಿಸಿದರೆ, ಕಲಿಯಬೇಕಾದ ಮನಸ್ಸಿನಲ್ಲಿ ಕಲಿಕೆಗೆ ಜಾಗವೇ ಇರುವುದಿಲ್ಲ. ಈ ದಿನಗಳಲ್ಲಿ ಬದಲಾಗಬೇಕಾದದ್ದು ವಾಸನೆ ಮಾತ್ರ. ಬೆಕ್ಕು ತನ್ನ ಕೆನ್ನೆಯ ಗ್ರಂಥಿಗಳನ್ನು ಬಾಗಿಲ ಚೌಕಟ್ಟಿಗೂ ಮನೆಯವರ ಕಾಲಿಗೂ ಉಜ್ಜಿ ಇದು ಸುರಕ್ಷಿತ ಜಾಗವೆಂದು ತನಗೆ ತಾನೇ ಗುರುತು ಹಾಕಿಕೊಳ್ಳುವ ಪ್ರಾಣಿ. ಹಳೆಯ ಹತ್ತಿ ಸೀರೆಯ ತುಂಡಿನಿಂದ ಅದರ ಕೆನ್ನೆಯನ್ನು ಮೃದುವಾಗಿ ಒರೆಸಿ ನಾಯಿಯ ಊಟದ ತಟ್ಟೆಯ ಪಕ್ಕದಲ್ಲಿಟ್ಟು, ನಾಯಿಯ ಮೈ ಒರೆಸಿದ ತುಂಡನ್ನು ಬೆಕ್ಕಿನ ಕೋಣೆಯಲ್ಲಿ, ಅದರ ಊಟದಿಂದ ತುಸು ದೂರದಲ್ಲಿ ಇಡುವುದು ರೂಢಿಯ ಕ್ರಮ. ಬೆಕ್ಕು ಆ ಬಟ್ಟೆಯನ್ನು ಮೂಸಿ ಬುಸುಗುಟ್ಟಿ ದೂರ ಹೋದರೆ ಬಟ್ಟೆಯನ್ನು ಇನ್ನಷ್ಟು ದೂರ ಸರಿಸಬೇಕು; ಮೂಸಿ ತಿರುಗಿ ಊಟಕ್ಕೆ ಬಾಯಿ ಹಾಕಿದರೆ ಮುಂದಿನ ಹಂತಕ್ಕೆ ಅನುಮತಿ ದೊರೆತಂತೆ. ನಾಯಿ ವಾಕಿಂಗ್ ಹೋದ ಹೊತ್ತಿನಲ್ಲಿ ಬೆಕ್ಕನ್ನು ಇಡೀ ಮನೆಯಲ್ಲಿ ಓಡಾಡಲು ಬಿಡುವುದರಿಂದ ಅದರ ಸೀಮೆ ಅದರದಾಗಿಯೇ ಉಳಿಯುತ್ತದೆ.

ಮುಂದಿನ ಹಂತದ ಹಿಂದೆ ಮನಶ್ಶಾಸ್ತ್ರದ ಒಂದು ಸ್ವಾರಸ್ಯಕರ ಚರಿತ್ರೆಯಿದೆ. ಅಮೆರಿಕದ ಮೇರಿ ಕವರ್ ಜೋನ್ಸ್ 1924ರಲ್ಲಿ, ಮೊಲಕ್ಕೆ ಹೆದರುತ್ತಿದ್ದ ಪುಟ್ಟ ಹುಡುಗನೊಬ್ಬ ತನಗಿಷ್ಟವಾದದ್ದನ್ನು ತಿನ್ನುತ್ತಿರುವಾಗ ಮೊಲವನ್ನು ದಿನದಿನವೂ ಸ್ವಲ್ಪ ಸ್ವಲ್ಪವೇ ಹತ್ತಿರ ತಂದು, ಕೊನೆಗೆ ಅವನು ಅದನ್ನು ಮುಟ್ಟಿ ಮುದ್ದಿಸುವಂತೆ ಮಾಡಿದ ಪ್ರಯೋಗವನ್ನು ವರದಿ ಮಾಡಿದರು. ಎರಡು ದಶಕಗಳ ಮೇಲೆ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ವೈದ್ಯ ಜೋಸೆಫ್ ವೋಲ್ಪೆ ಇದೇ ತತ್ತ್ವವನ್ನು ಪರೀಕ್ಷಿಸಿದ್ದು ಬೆಕ್ಕುಗಳ ಮೇಲೆಯೇ: ಪ್ರಯೋಗದ ಪಂಜರದಲ್ಲಿ ವಿದ್ಯುದಾಘಾತಕ್ಕೆ ಒಳಗಾಗಿ ಆ ಕೋಣೆಯಲ್ಲಿ ಅನ್ನವನ್ನೂ ಮುಟ್ಟದಷ್ಟು ಹೆದರಿದ್ದ ಬೆಕ್ಕುಗಳಿಗೆ, ಆ ಕೋಣೆಯನ್ನು ಅಷ್ಟಾಗಿ ಹೋಲದ ಬೇರೆ ಕೋಣೆಯಲ್ಲಿ ಮೊದಲು ಊಟ ಕೊಟ್ಟು, ಕ್ರಮೇಣ ಅದನ್ನು ಹೋಲುವ ಕೋಣೆಗಳಲ್ಲಿ ಕೊಡುತ್ತಾ ಹೋದಾಗ ಭಯ ಕರಗಿತು. ಇಂದಿನ ಕಣ್ಣಿಗೆ ಕ್ರೂರವಾಗಿ ಕಾಣುವ ಆ ಪ್ರಯೋಗಗಳಿಂದ ಹೊರಟ ತಿಳಿವಳಿಕೆಯನ್ನು ವೋಲ್ಪೆ 1958ರ ತಮ್ಮ ಗ್ರಂಥದಲ್ಲಿ ಮನುಷ್ಯರ ಚಿಕಿತ್ಸಾ ವಿಧಾನವಾಗಿ ಮಂಡಿಸಿದರು. ಭಯ ಹುಟ್ಟಿಸುವ ವಸ್ತುವನ್ನು ಭಯ ಹುಟ್ಟದಷ್ಟು ದುರ್ಬಲ ಪ್ರಮಾಣದಲ್ಲಿ ತೋರಿಸುತ್ತಾ, ಅದೇ ಹೊತ್ತಿಗೆ ಹಿತವಾದದ್ದನ್ನು ಕೊಡುತ್ತಾ, ಪ್ರಮಾಣವನ್ನು ಮೆಲ್ಲಗೆ ಏರಿಸುವುದು ಅದರ ತಿರುಳು. ನಾಯಿ ಮತ್ತು ಬೆಕ್ಕಿನ ವಿಷಯದಲ್ಲಿ ಆ ‘ಪ್ರಮಾಣ’ವೆಂದರೆ ಮುಖ್ಯವಾಗಿ ದೂರ.

ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮುಂಬಾಗಿಲಿಗೆ ಇರುವ ಗ್ರಿಲ್ ಅಥವಾ ಸೊಳ್ಳೆ ಜಾಲರಿಯ ಬಾಗಿಲಿನಂಥದ್ದೇ ಒಂದನ್ನು ಒಳಕೋಣೆಗೆ ಅಳವಡಿಸಿದರೆ ಈ ಹಂತ ಸುಲಭವಾಗುತ್ತದೆ. ಬಾಗಿಲಿನ ಆಚೆ, ಕೋಣೆಯ ತುದಿಯಲ್ಲಿ ಬೆಕ್ಕು ಬೀರುವಿನ ಮೇಲೆ ಕುಳಿತಿದೆ. ಈಚೆ ಹತ್ತು ಹನ್ನೆರಡು ಅಡಿ ದೂರದಲ್ಲಿ ನಾಯಿ ಹಾರ್ನೆಸ್ ತೊಟ್ಟು ಬೆಲ್ಟಿನಲ್ಲಿದೆ. ನಾಯಿ ಬೆಕ್ಕನ್ನು ಕಂಡ ಕ್ಷಣದಲ್ಲಿ ಕಿವಿಗಳು ಮುಂದೆ ಬರುತ್ತವೆ, ಅಲ್ಲಿಯವರೆಗೆ ತೆರೆದಿದ್ದ ಬಾಯಿ ಮುಚ್ಚಿಕೊಳ್ಳುತ್ತದೆ, ಮೈಭಾರ ಮುಂಗಾಲಿಗೆ ವಾಲುತ್ತದೆ. ಅದು ಬೊಗಳುವ ಮೊದಲೇ, ಎಳೆಯುವ ಮೊದಲೇ, ಬೇಯಿಸಿದ ಕೋಳಿಯ ಸಣ್ಣ ಚೂರು ಅದರ ಮೂಗಿನ ಬಳಿಗೆ ಬರಬೇಕು. ಮಾಂಸ ತರದ ಮನೆಯಲ್ಲಿ ಪನೀರಿನ ತುಣುಕೂ ಆಗುತ್ತದೆ. ನಾಯಿ ಕತ್ತು ತಿರುಗಿಸಿ ಅದನ್ನು ತಿಂದು, ಮತ್ತೆ ಬೆಕ್ಕಿನತ್ತ ನೋಡಿ, ಈ ಸಲ ತಾನಾಗಿಯೇ ಮನೆಯವರ ಮುಖದತ್ತ ತಿರುಗಿದರೆ ಅಲ್ಲೊಂದು ಮಹತ್ವದ ಪಾಠ ನಡೆದಿರುತ್ತದೆ: ಬೆಕ್ಕು ಕಂಡರೆ ಮನುಷ್ಯನ ಕಡೆ ನೋಡಬೇಕು ಎಂಬ ಪಾಠ. ಅದೇ ಹೊತ್ತಿಗೆ ಇನ್ನೊಬ್ಬರು ಬೆಕ್ಕಿಗೆ ಒಣ ಸಿಗಡಿಯನ್ನೋ ಅದಕ್ಕಿಷ್ಟವಾದ ಬೇರೇನನ್ನೋ ಕೊಡುತ್ತಿರಬೇಕು. ಇಡೀ ಕಲಾಪ ಎರಡು ಮೂರು ನಿಮಿಷ ಮೀರಬಾರದು. ಬೆಕ್ಕು ಕಣ್ಮರೆಯಾದೊಡನೆ ತಿನಿಸೂ ನಿಲ್ಲಬೇಕು, ಆಗಲೇ ತಿನಿಸಿಗೂ ಬೆಕ್ಕಿನ ದರ್ಶನಕ್ಕೂ ಇರುವ ನಂಟು ನಾಯಿಯ ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ಬಾಯಿಗಿಟ್ಟ ತಿನಿಸನ್ನು ಎರಡರಲ್ಲಿ ಯಾವುದೇ ಪ್ರಾಣಿ ಮುಟ್ಟದಿದ್ದರೆ ದೂರ ಕಡಿಮೆಯಾಯಿತೆಂದೇ ಅರ್ಥ.

ಇಲ್ಲಿ ಮನೆಯವರು ಮೋಸ ಹೋಗುವ ಒಂದು ಜಾಗವಿದೆ. ಬೊಗಳುತ್ತಾ, ಕುಂಯ್‌ಗುಡುತ್ತಾ, ಮುಂಗಾಲು ನೆಲಕ್ಕೂರಿ ಹಿಂಭಾಗ ಎತ್ತಿ ಆಟಕ್ಕೆ ಕರೆಯುವ ನಾಯಿಯನ್ನು ಕಂಡು ಹೆದರುವವರು, ಸದ್ದಿಲ್ಲದೆ ಕಲ್ಲಿನಂತೆ ನಿಂತು ರೆಪ್ಪೆ ಬಡಿಯದೆ ನೋಡುವ ನಾಯಿಯನ್ನು ‘ಎಷ್ಟು ಶಾಂತವಾಗಿದೆ’ ಎಂದು ಮೆಚ್ಚುತ್ತಾರೆ. ನಿಜಕ್ಕೂ ಹೆಚ್ಚು ಎಚ್ಚರ ಬೇಕಾದದ್ದು ಎರಡನೆಯದರ ಬಗ್ಗೆ, ಏಕೆಂದರೆ ಆ ನಿಶ್ಶಬ್ದವೇ ಹೊಂಚುವ ಹಂತ. ತಿನಿಸು ತೋರಿಸಿದರೂ, ಹೆಸರು ಹಿಡಿದು ಕರೆದರೂ ಕಣ್ಣು ಕೀಳದ ನಾಯಿಯೊಡನೆ ಮುಂದಿನ ಹಂತಕ್ಕೆ ಹೋಗುವಂತಿಲ್ಲ. ಅಲ್ಲಿ ಅನುಭವಿ ತರಬೇತುದಾರರ ನೆರವು ಬೇಕು, ತಂತಿಬುಟ್ಟಿಯಂಥ ಬಾಯಿಕುಕ್ಕೆಯನ್ನು ನಾಯಿಗೆ ಅಭ್ಯಾಸ ಮಾಡಿಸಬೇಕು. ಬೆಕ್ಕಿನ ಕಡೆಯಲ್ಲಿ ನೆಟ್ಟಗೆ ನಿಂತ ಬಾಲ ಸ್ನೇಹವನ್ನು ಹೇಳುತ್ತದೆ. ನೆಲಕ್ಕೆ ಬಡಿಯುವ ಬಾಲ, ಹಿಂದಕ್ಕೆ ಒತ್ತಿದ ಕಿವಿ, ಬೆಳಕಿದ್ದರೂ ಅಗಲವಾದ ಕಣ್ಣಪಾಪೆ ಭಯವನ್ನು ಹೇಳುತ್ತವೆ. ಬುಸುಗುಟ್ಟುವುದು ದಾಳಿಯ ಮುನ್ನುಡಿಯಲ್ಲ, ದೂರ ಇರು ಎಂಬ ಬಿನ್ನಹ. ಅದಕ್ಕಾಗಿ ಬೆಕ್ಕನ್ನು ಗದರುವುದು ಅನ್ಯಾಯ.

ಗ್ರಿಲ್ಲಿನ ಎರಡು ಬದಿಯಲ್ಲಿ ಇವು ಪರಸ್ಪರರನ್ನು ಬಿಟ್ಟು ತಮ್ಮ ತಮ್ಮ ಊಟ, ನಿದ್ರೆಗಳಲ್ಲಿ ತೊಡಗಿಕೊಳ್ಳತೊಡಗಿದ ಮೇಲೆ ಒಂದೇ ಕೋಣೆಯ ಭೇಟಿ ಬರುತ್ತದೆ. ನಾಯಿಯನ್ನು ಉದ್ದ ವಾಕಿಂಗ್ ಮಾಡಿಸಿ, ಹೊಟ್ಟೆಗೆ ಹಾಕಿ, ಬೆಲ್ಟಿನಲ್ಲೇ ಚಾಪೆಯ ಮೇಲೆ ಮಲಗಿಸಿ, ಬೆಕ್ಕು ತಾನಾಗಿ ಒಳಬರುವಂತೆ ಬಾಗಿಲು ತೆರೆದಿಡಬೇಕು. ಬೆಕ್ಕನ್ನು ಎತ್ತಿಕೊಂಡು ಬಂದು ನಾಯಿಯ ಮೂಗಿಗೆ ಹಿಡಿಯುವುದು ಅತ್ಯಂತ ಕೆಟ್ಟ ಪದ್ಧತಿ. ಹಿಡಿದವರ ತೋಳಿನಲ್ಲಿ ಬೆಕ್ಕಿಗೆ ಓಡುವ ದಾರಿ ಇರುವುದಿಲ್ಲ, ಆ ಭಯದ ಗೀರು ಹಿಡಿದವರ ಕೈಮೇಲೂ ನಾಯಿಯ ಕಣ್ಣಿನ ಮೇಲೂ ಬೀಳುತ್ತದೆ. ಹಾಗೆ ಗಾಯವಾದರೆ ಸೋಪು ನೀರಿನಿಂದ 15 ನಿಮಿಷ ತೊಳೆದು, ರೇಬೀಸ್ ಚುಚ್ಚುಮದ್ದಿನ ಬಗ್ಗೆ ಅಂದೇ ವೈದ್ಯರನ್ನು ಕೇಳಬೇಕು.

ನಾಯಿ ಬೆಕ್ಕಿನತ್ತ ನುಗ್ಗಿದಾಗ ಗದರುವುದು, ಬೆಲ್ಟ್ ಜಗ್ಗುವುದು, ಹೊಡೆಯುವುದು ಸಹಜವೆನ್ನಿಸಿದರೂ ಅದರ ಫಲ ಬಯಸಿದ್ದಕ್ಕೆ ನೇರ ವಿರುದ್ಧ. ಬೆಕ್ಕು ಕಂಡಾಗಲೆಲ್ಲ ನೋವಾಗುತ್ತದೆ ಎಂಬುದನ್ನು ನಾಯಿ ಕಲಿಯುತ್ತದೆ, ಆ ನೋವಿನ ಕಾರಣವನ್ನು ಬೆಕ್ಕಿನಲ್ಲೇ ಕಾಣುತ್ತದೆ, ಮತ್ತು ಗದರುವವರು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಆ ಕಲಿಕೆ ಹೊರಬೀಳುತ್ತದೆ. ಬೀದಿಯಲ್ಲಿ ಕಲ್ಲೇಟು ತಿಂದು ಬಂದ ಪ್ರಾಣಿಗೆ ಹೊಸ ಮನೆಯ ಮೊದಲ ಅನುಭವ ಮತ್ತೊಂದು ಏಟಾಗುವುದು ಯಾವ ದೃಷ್ಟಿಯಿಂದಲೂ ಒಪ್ಪುವಂಥದ್ದಲ್ಲ.

ಈ ಎಲ್ಲ ಅವಧಿಯಲ್ಲಿ ಬೆಕ್ಕಿನ ಬಟ್ಟಲು ಮತ್ತು ಟ್ರೇಗಳನ್ನು ದಿನವೂ ಗಮನಿಸುವುದು ಅಗತ್ಯ. ನಾಯಿ ಒಂದು ಹೊತ್ತು ಊಟ ಬಿಟ್ಟರೆ ದೊಡ್ಡ ಸಂಗತಿಯಲ್ಲ, ಆದರೆ ಬೆಕ್ಕು ಕೆಲವು ದಿನ ಉಪವಾಸವಿದ್ದರೆ ದೇಹದ ಕೊಬ್ಬು ಯಕೃತ್ತಿನಲ್ಲಿ ಶೇಖರವಾಗಿ ಅದು ಕೆಲಸ ನಿಲ್ಲಿಸುವ ಅಪಾಯವಿದೆ, ಸ್ಥೂಲವಾದ ಬೆಕ್ಕುಗಳಲ್ಲಿ ಇನ್ನೂ ಹೆಚ್ಚು. ಹಾಗಾಗಿ ಒಂದು ಇಡೀ ದಿನ ಏನೂ ತಿನ್ನದ ಬೆಕ್ಕನ್ನು ವೈದ್ಯರಿಗೆ ತೋರಿಸಬೇಕು. ಒತ್ತಡದಿಂದ ಮೂತ್ರಕೋಶ ಊದಿಕೊಳ್ಳುವುದೂ ಬೆಕ್ಕುಗಳಲ್ಲಿ ಸಾಮಾನ್ಯ. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಯಲ್ಲಿ ಕುಳಿತು ಮೂತ್ರ ಬಾರದೆ ಒದ್ದಾಡುತ್ತಿದ್ದರೆ ಮೂತ್ರನಾಳ ಕಟ್ಟಿಕೊಂಡಿರಬಹುದು, ಅದಕ್ಕೆ ಬೆಳಗಾಗುವವರೆಗೂ ಕಾಯುವಂತಿಲ್ಲ. ನಾಯಿ ಬೆಕ್ಕಿನ ಆಹಾರವನ್ನು ಕದ್ದು ತಿನ್ನುವುದಕ್ಕಿಂತ, ಬೆಕ್ಕು ನಾಯಿಯ ಆಹಾರದ ಮೇಲೇ ಬದುಕುವುದು ಹೆಚ್ಚು ಹಾನಿಕರ, ಏಕೆಂದರೆ ಹೃದಯಕ್ಕೂ ಕಣ್ಣಿಗೂ ಅನಿವಾರ್ಯವಾದ ಟಾರಿನ್ ಎಂಬ ಅಂಶ ಬೆಕ್ಕಿಗೆ ಆಹಾರದಿಂದಲೇ ಸಾಕಷ್ಟು ಬರಬೇಕು. ಬೆಕ್ಕಿಗೆ ಎತ್ತರದಲ್ಲಿ, ನಾಯಿಗೆ ನೆಲದ ಮೇಲೆ, ಬೇರೆ ಬೇರೆ ಜಾಗದಲ್ಲಿ ಊಟ ಹಾಕಿದರೆ ಈ ಎರಡೂ ತೊಂದರೆ ತಪ್ಪುತ್ತವೆ.

ದತ್ತು ಕೊಡಿಸುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕ ಹೇಳುವುದುಂಟು: ನಾಯಿ ಸಾವರಿಸಿಕೊಳ್ಳಲು ಮೂರು ದಿನ, ದಿನಚರಿ ಕಲಿಯಲು ಮೂರು ವಾರ, ಮನೆ ತನ್ನದೆಂದುಕೊಳ್ಳಲು ಮೂರು ತಿಂಗಳು. ಇದು ಶಾಸ್ತ್ರವಲ್ಲದಿದ್ದರೂ ಅವಸರಪಡುವವರನ್ನು ತಡೆಯುವ ಒಳ್ಳೆಯ ಅಂದಾಜು. ಎರಡೂ ಒಂದೇ ಹಾಸಿಗೆಯಲ್ಲಿ ಮಲಗುವ ಚಿತ್ರವನ್ನು ಎಲ್ಲ ಮನೆಗಳೂ ನಿರೀಕ್ಷಿಸಬೇಕಾಗಿಲ್ಲ; ಒಂದು ಇನ್ನೊಂದನ್ನು ಕಾಯುತ್ತಾ ಕೂರದೆ ತನ್ನ ಪಾಡಿಗೆ ನಡೆದು ಹೋಗುವುದೇ ಪೂರ್ಣ ಯಶಸ್ಸು. ತಿಂಗಳುಗಳ ಪ್ರಯತ್ನದ ಮೇಲೂ ನಾಯಿಯ ದೃಷ್ಟಿ ಬೆಕ್ಕಿನಿಂದ ಸಡಿಲವಾಗದಿದ್ದರೆ, ಬೆಕ್ಕು ಬೀರುವಿನ ಮೇಲಿನಿಂದ ಇಳಿಯದೆಯೇ ಬದುಕುತ್ತಿದ್ದರೆ, ಆ ನಾಯಿಯನ್ನು ಕೊಟ್ಟ ಸಂಸ್ಥೆಗೇ ಮರಳಿಸಿ ಬೆಕ್ಕಿಲ್ಲದ ಮನೆ ಹುಡುಕಿಸುವುದು ಎರಡೂ ಜೀವಗಳಿಗೆ ಮಾಡುವ ಉಪಕಾರ. ಅದಕ್ಕೆ ನಾಚಿಕೊಂಡು ಅಥವಾ ಬೇಸತ್ತು ಅದನ್ನು ಮತ್ತೆ ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ, ಮತ್ತು ಮನೆಯ ಊಟಕ್ಕೆ ಒಗ್ಗಿ ಹಿಂಡಿನ ನೆಲೆ ಕಳೆದುಕೊಂಡ ನಾಯಿಗೆ ಅದು ಮೊದಲಿಗಿಂತ ಕಠಿಣವಾದ ಬೀದಿ.

ಹೊಂದಿಕೊಂಡ ಜೋಡಿಯ ವಿಷಯದಲ್ಲೂ ಎರಡು ಎಚ್ಚರಗಳು ಬಹುಕಾಲ ಬೇಕಾಗುತ್ತವೆ. ಮನೆಯಲ್ಲಿ ಯಾರೂ ಇಲ್ಲದಾಗ ಎರಡರ ನಡುವೆ ಬಾಗಿಲು ಮುಚ್ಚಿರಬೇಕು, ಈ ನಿಯಮವನ್ನು ಸಡಿಲಿಸಲು ವಾರಗಳ ಸಮಾಧಾನದ ದಾಖಲೆ ಇರಬೇಕು. ಇನ್ನೊಂದು, ನಾಯಿ ಕಲಿತದ್ದನ್ನು ಕಲಿತ ಜಾಗಕ್ಕೇ ಅಂಟಿಸಿಕೊಳ್ಳುವ ಪ್ರಾಣಿ: ಹಜಾರದಲ್ಲಿ ಬೆಕ್ಕಿನ ಪಕ್ಕದಲ್ಲೇ ನಿದ್ರಿಸುವ ನಾಯಿ, ಅದೇ ಬೆಕ್ಕು ಕಾಂಪೌಂಡಿನ ಗೋಡೆಯಿಂದಿಳಿದು ಓಡಿದಾಗ, ಅದು ತನ್ನ ಮನೆಯದೆಂದು ಗುರುತಿಸುವ ಮೊದಲೇ ಬೆನ್ನಟ್ಟಬಹುದು. ಆದ್ದರಿಂದ ನಾಯಿಯನ್ನು ವಾಕಿಂಗ್‌ಗೆ ಹೊರಡಿಸುವ ಮೊದಲು ಬೆಕ್ಕು ಎಲ್ಲಿದೆ ಎಂದು ನೋಡಿಕೊಂಡು, ಅದು ಹೊರಗಿದ್ದರೆ ಬೆಲ್ಟನ್ನು ಗೇಟಿನವರೆಗೂ ಗಿಡ್ಡವಾಗಿ ಹಿಡಿಯುವುದು ಇಂಥ ಮನೆಗಳ ನಿತ್ಯದ ಅಭ್ಯಾಸವಾಗಬೇಕಾಗುತ್ತದೆ.